ಚಾಚಾ ಅದನ್ನು ಹೂದಾನಿ ಅಂದಿದ್ದರು

ಹೋದ ವಾರ ದೇವದುರ್ಗದ ನನ್ನ ಅಂಗಡಿಯಲ್ಲಿ ಒಂದು ಜಿ.ಐ. ಪೈಪಿನ ಗೇಟು ಬೆಸೆಯುತ್ತಿದ್ದೆ. ಜಿ.ಐ. ಪೈಪೆಂದರೆ ಕಬ್ಬಿಣದ ಮೇಲೆ ಸತುವಿನ ಲೇಪ. ವೆಲ್ಡಿಂಗ್ ರಾಡು ತಾಗಿದ ಕೂಡಲೇ ಆ ಸತು ಉರಿಯುತ್ತದೆ. ಬಿಳಿ ಹೊಗೆ ಏಳುತ್ತದೆ, ಅರಳೆಯಂಥ ಬೂದಿ ಗಾಳಿಯಲ್ಲಿ ತೇಲುತ್ತದೆ, ತುಟಿಯ ಮೇಲೆ ಒಂದು ನಮೂನೆ ಸಿಹಿ ಬಂದು ಕೂರುತ್ತದೆ. ಆ ಸಿಹಿ ಒಳ್ಳೆಯದಲ್ಲ. ಜಾಸ್ತಿಯಾದರೆ ಸಂಜೆಗೆ ಚಳಿಜ್ವರ. ಅದಕ್ಕೇ ನಮ್ಮ ಕಸುಬಿನವರು ಆ ಕೆಲಸ ಮುಗಿಸಿ ಒಂದು ಲೋಟ ಹಾಲು ಕುಡಿಯುತ್ತೇವೆ, ಇಲ್ಲವೇ ಒಂದು ಹಳುಕು ಬೆಲ್ಲ ಬಾಯಿಗೆ ಹಾಕಿಕೊಳ್ಳುತ್ತೇವೆ.

ಅರ್ಧ ಆಯುಷ್ಯ ಈ ಹೊಗೆಯಲ್ಲೇ ಕಳೆದಿದ್ದೇನೆ. ಆದರೆ ಅದು ಮೂಗಿಗೆ ಬಡಿದಾಗಲೆಲ್ಲ ನನಗೆ ನೆನಪಾಗುವುದು ನನ್ನ ಅಂಗಡಿಯಲ್ಲ, ರಾಯಚೂರಿನಲ್ಲಿ ತಾಮ್ರದ ಪಾತ್ರೆಗಳಿಗೆ ತವರದ ಲೇಪ ಹಾಕುತ್ತಿದ್ದ ಕಲಾಯಿ ಚಾಚಾನ ಅಂಗಡಿ. ಅಂಗಡಿ ಅಂದರೆ ಏನು… ಒಂದು ತಗಡಿನ ನೆರಳು, ನೆಲದಲ್ಲೊಂದು ಕುಣಿ, ಕುಣಿಯಲ್ಲಿ ಇದ್ದಲಿ, ಪಕ್ಕದಲ್ಲಿ ತೊಗಲಿನ ತಿದಿ. ಅಷ್ಟೇ.

ನಮ್ಮ ಊರು ಮಾನ್ವಿ ಸೀಮೆಯ ಮಲ್ಲಟ. ಅಪ್ಪ ನಾನು ಸಣ್ಣವನಿದ್ದಾಗಲೇ ಹೋದ. ಅವ್ವ ಮಾನ್ವಿಯ ಒಂದು ದೊಡ್ಡ ಮನೆಯಲ್ಲಿ ಕಸ ಮುಸುರೆ ಮಾಡಿ ನನ್ನನ್ನೂ ಅಣ್ಣನನ್ನೂ ಸಾಕಿದಳು. ಆ ಮನೆಯ ಯಜಮಾನಿಯನ್ನು ಎಲ್ಲರೂ ಬೀಬಿಯವರು ಅನ್ನುತ್ತಿದ್ದರು. ಅವರ ಮನೆತನ ಊರು ಬಿಟ್ಟು ಹೈದರಾಬಾದಿಗೆ ಹೋಗುವಾಗ ಬೀಬಿಯವರು ಅವ್ವನನ್ನು ಕರೆದು, ಮನೆಯಲ್ಲಿರುವುದರಲ್ಲಿ ಏನು ಬೇಕೋ ಒಂದು ಕೇಳು ಅಂದರಂತೆ. ಅವ್ವ ಒಂದು ಕರಿಯ ಪಾತ್ರೆ ಬೇಡಿ ತಂದಳು. ಮೊಳಕ್ಕಿಂತ ಗಿಡ್ಡ. ಕೆಳಗೆ ಗುಂಡಗಿನ ಹೊಟ್ಟೆ, ಸಣ್ಣ ನಡು, ಮೇಲೆ ಅರಳಿದ ಅಗಲ ಬಾಯಿ. ಮೈಯೆಲ್ಲ ಇದ್ದಲಿನಷ್ಟು ಕಪ್ಪು, ಆ ಕಪ್ಪಿನ ಮೇಲೆ ಬೆಳ್ಳಗಿನ ಬಳ್ಳಿ, ಹೂವು, ಎಲೆ. ಅವ್ವ ಅದನ್ನು ದೇವರ ಜಗಲಿಯ ಮೇಲಿಟ್ಟು ದಿನಾ ಹೂವು ಹಾಕುತ್ತಿದ್ದಳು. ಸೇವಂತಿ ಸಿಕ್ಕರೆ ಸೇವಂತಿ, ಇಲ್ಲದಿದ್ದರೆ ಹಿತ್ತಲಿನ ಕಣಗಿಲೆ. ಮನೆಯ ಉಳಿದ ತಂಬಿಗೆ, ಚರಿಗೆ ಎಲ್ಲವನ್ನೂ ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿ ಹೊಳೆಸುವ ಅವ್ವ ಇದೊಂದನ್ನು ಮಾತ್ರ ಎಣ್ಣೆ ಬಟ್ಟೆಯಲ್ಲಿ ಒರೆಸುತ್ತಿದ್ದಳು. ನಾವು ಮುಟ್ಟಿದರೆ, “ಅದಕ್ಕ ಹುಣಸಿಹಣ್ಣು ತೋರಿಸಬ್ಯಾಡ್ರಿ” ಅನ್ನುತ್ತಿದ್ದಳು. ಯಾಕೆ ಅಂತ ನಾವು ಕೇಳಲಿಲ್ಲ.

ನಾನು ಐದನೇ ತರಗತಿಗೆ ಸಾಲಿ ಬಿಟ್ಟೆ. ದೇವದುರ್ಗಕ್ಕೆ ಬಂದು ವೆಲ್ಡಿಂಗ್ ಕಲಿತೆ, ಸ್ವಂತ ಅಂಗಡಿ ಹಾಕಿದೆ, ಯಾರ ಮುಂದೂ ಕೈ ಒಡ್ಡಲಿಲ್ಲ. ಓದಿದವರ ನಡುವೆ ಕೂತರೆ ಮಾತು ಬರುತ್ತಿರಲಿಲ್ಲ, ಖರೆ. ಆದರೆ ಲೋಹದ ವಿಷಯಕ್ಕೆ ಬಂದರೆ ನನ್ನ ಮಾತೇ ಮಾತು. ಸುತ್ತಿಗೆಯ ಸಪ್ಪಳ ಕೇಳಿ ಬೀಡುಕಬ್ಬಿಣ ಯಾವುದು, ಉಕ್ಕು ಯಾವುದು ಹೇಳುತ್ತಿದ್ದೆ. ಆ ಸೊಕ್ಕೇ ನನ್ನನ್ನು ಹಳ್ಳಕ್ಕೆ ಹಾಕಿತು.

ಅವ್ವ ಹೋದಳು. ದಿನಕರ್ಮ ಮುಗಿದ ಮೇಲೆ ನಾನು, ಅಣ್ಣ ಮಲ್ಲಟದ ಮನೆಯಲ್ಲಿ ಕೂತೆವು. ಪಾಲು ಮಾಡಲು ಇದ್ದದ್ದೇ ಎರಡು: ಎರಡು ಖೋಲಿಯ ಮನೆ, ಈ ಕರಿಯ ಪಾತ್ರೆ. ನಾನು ಚೀಲದಿಂದ ಅಯಸ್ಕಾಂತ ತೆಗೆದು ಪಾತ್ರೆಗೆ ಹಿಡಿದೆ. ಅಂಟಲಿಲ್ಲ. ಕಬ್ಬಿಣ ಅಲ್ಲ ಅಂತಾಯಿತು. ಆಮೇಲೆ ಅದನ್ನು ಬೋರಲು ಹಾಕಿ ತಳಕ್ಕೆ ಅರ ಹಾಕಿದೆ. ನಾಲ್ಕು ಎಳೆತಕ್ಕೆ ಕಪ್ಪು ಹೋಗಿ ಒಳಗೆ ಬೆಳ್ಳಗೆ ಮಿಂಚಿತು.

“ಅಣ್ಣಾ, ಇದು ಬೆಳ್ಳಿ ಅದ. ಇಡೀ ಪಾತ್ರೀನ ಬೆಳ್ಳಿ,” ಅಂದೆ.

ಅಣ್ಣ ಬಗ್ಗಿ ನೋಡಿದ. “ನೀ ಲೋಹದಾಗ ಬಾಳೇ ಮಾಡಾವ. ನಿನಗ ಗೊತ್ತಿರ್ತದ,” ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಬೆಳ್ಳಿ ನೀ ತಗೊ. ನಾವು ಈ ಮನ್ಯಾಗ ಇರ್ತೀವಿ” ಅಂದ.

ನಾನು ಅರದ ಪುಡಿಯನ್ನು ಕೂಡ ಬಿಡಲಿಲ್ಲ. ಬೆಳ್ಳಿ ಅಲ್ಲವೇ. ಪೇಪರಿನ ತುಂಡಿನಲ್ಲಿ ಮಡಚಿ ಅಂಗಿ ಜೇಬಿಗೆ ಇಟ್ಟುಕೊಂಡೆ. ದೇವದುರ್ಗಕ್ಕೆ ಬಂದು ಅವ್ವ ಬೇಡ ಅಂದದ್ದನ್ನೇ ಮೊದಲು ಮಾಡಿದೆ. ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಸಾಲದ್ದಕ್ಕೆ ಎಮರಿ ಪೇಪರ್ ತಗೊಂಡು ಉಜ್ಜಿದೆ. ಅಂಗೈಯಗಲ ಜಾಗದಲ್ಲಿ ಕಪ್ಪು ಪೂರ್ತಿ ಹೋಯಿತು. ಅಲ್ಲಿ ಬಳ್ಳಿಯೂ ಬಿಳಿ, ಮೈಯೂ ಬಿಳಿ, ಯಾವುದು ಎಲೆ ಯಾವುದು ಮೈ ಅಂತ ತಿಳಿಯದಂತಾಯಿತು. ನಾನು ಹಾಳು ಮಾಡಿದೆ ಅಂತ ನನಗೆ ಅನ್ನಿಸಲೇ ಇಲ್ಲ. ಎಲ್ಲ ಒಂದೇ ಬಿಳಿ, ಅಂದಮೇಲೆ ಎಲ್ಲ ಬೆಳ್ಳಿಯೇ ಅಂತ ಖುಷಿಪಟ್ಟೆ.

ಮರುದಿನ ಮೊದಲ ಬಸ್ಸಿಗೆ ರಾಯಚೂರು. ಒಂದು ಬೆಳ್ಳಿ ಅಂಗಡಿಗೆ ಹೋದೆ. ಅಂಗಡಿಯವರು ತಳವನ್ನು ಒರೆಗಲ್ಲಿಗೆ ತಿಕ್ಕಿ, ಯಾವುದೋ ಔಷಧಿಯ ಹನಿ ಬಿಟ್ಟು, ಪಾತ್ರೆಯನ್ನು ನನ್ನ ಕಡೆ ಸರಿಸಿದರು. “ಬೆಳ್ಳಿ ಅಲ್ರೀ ಇದು. ತಗೊಂಡ್ಹೋಗಿ ಗುಜರಿಗೆ ಹಾಕ್ರಿ,” ಅಂದರು. ಅಲ್ಲಿ ಕೂತಿದ್ದ ಗಿರಾಕಿಗಳು ನಕ್ಕರು. ಬೆಳ್ಳಿ ಪುಡಿಯ ಪೊಟ್ಟಣ ತೆಗೆಯಲು ಜೇಬಿಗೆ ಹೋಗಿದ್ದ ಕೈ ಅಲ್ಲೇ ನಿಂತಿತು.

ಹೊರಗೆ ಬಂದಾಗ ಅಣ್ಣ ನನ್ನನ್ನು ಮಂಗ ಮಾಡಿದ ಅನ್ನುವುದೊಂದೇ ತಲೆಯಲ್ಲಿ. ಸಾಲಿ ಬಿಟ್ಟವನಿಗೆ ಕರಿ ಡಬ್ಬಿ ಕೊಟ್ಟು ತಾನು ಮನೆ ಹಿಡಿದ. ಸೀದಾ ಮಲ್ಲಟದ ಬಸ್ಸು ಹತ್ತಬೇಕು, ಓಣಿಯವರೆಲ್ಲ ನೋಡುವ ಹಾಗೆ ಇದನ್ನು ಅವನ ಅಂಗಳಕ್ಕೆ ಒಗೆಯಬೇಕು, ಇನ್ನು ನಿನಗೂ ನನಗೂ ಮುಗಿಯಿತು ಅನ್ನಬೇಕು… ಹೀಗೆ ಹಲ್ಲು ಕಡಿಯುತ್ತ, ಪಾತ್ರೆಯನ್ನು ಕಂಕುಳಲ್ಲಿ ಅವುಚಿಕೊಂಡು, ಕೋಟೆ ಗೋಡೆಯ ಪಕ್ಕದ ಸಂದಿಯಲ್ಲಿ ಬಸ್‌ಸ್ಟ್ಯಾಂಡ್ ಕಡೆ ಹೊರಟಿದ್ದೆ.

“ಏ ಬೇಟಾ! ಆ ಪಾಪ ಯಾರು ಮಾಡ್ಯಾರ ಅದಕ್ಕ?”

ತಗಡಿನ ನೆರಳಲ್ಲಿ ತೆಳ್ಳಗಿನ ಮುದುಕರೊಬ್ಬರು ತಿದಿ ಒತ್ತುತ್ತ ಕೂತಿದ್ದರು, ಅವರೇ ಕಲಾಯಿ ಚಾಚಾ. ಬಿಳಿ ಗಡ್ಡ, ಉರಿಯ ಮುಂದೆ ಕೂತು ಕೂತು ಸುಟ್ಟ ಹುಬ್ಬು. ಮುಂದೆ ಉರಿಯ ಮೇಲೆ ದೇಗು, ಅಂದರೆ ಮದುವೆ ಅಡುಗೆಯ ದೊಡ್ಡ ತಾಮ್ರದ ಪಾತ್ರೆ, ಕಾಯುತ್ತಿತ್ತು. ಅವರ ಕಣ್ಣು ನನ್ನ ಕಂಕುಳಿನ ಪಾತ್ರೆಯ ಮೇಲೆ, ನಾನು ಉಜ್ಜಿದ ಬಿಳಿ ಕಲೆಯ ಮೇಲೆ.

“ನಾನ ಮಾಡೀನಿ. ನಿಮಗೇನಾಗಬೇಕು?” ಅಂದೆ.

“ನನಗೇನಾಗಬೇಕು! ಅದಕ್ಕ ಏನಾಗ್ಯಾದ ನೋಡು. ಬಾ ಇಲ್ಲಿ, ಕೂಡು. ಸಿಟ್ಟಿನ್ಯಾಗ ಬಸ್ ಹತ್ತಿದ್ರ ಸೀಟ್ ಸಿಗಂಗಿಲ್ಲ.”

ಯಾಕೆ ಕೂತೆನೋ ಗೊತ್ತಿಲ್ಲ. ಬಹುಶಃ ತಿದಿಯ ಸದ್ದಿಗೆ ಇರಬೇಕು. ಬೆಂಕಿಯ ಹತ್ತಿರ ನನಗೆ ಯಾವತ್ತೂ ಸ್ವಲ್ಪ ಸಮಾಧಾನ. ಅವರು ದೇಗಿನ ಒಳಗೆ ನವಸಾಗರದ ಪುಡಿ ಚೆಲ್ಲಿ, ತವರ ತಾಗಿಸಿ, ಅರಳೆಯಿಂದ ಒಂದೇ ಸುತ್ತು ಒರೆಸಿದರು. ತಾಮ್ರದ ಮೇಲೆ ಬೆಳದಿಂಗಳು ಬಿದ್ದ ಹಾಗೆ ಬಿಳಿ ಹರಡಿತು. ಕೈ ಒರೆಸಿಕೊಂಡು ಆಮೇಲೆ ನನ್ನ ಪಾತ್ರೆ ತೆಗೆದುಕೊಂಡರು. ತೆಗೆದುಕೊಂಡ ರೀತಿಯೇ ಬೇರೆ ಇತ್ತು, ಎರಡೂ ಕೈಯಲ್ಲಿ, ಕೂಸನ್ನು ಎತ್ತಿಕೊಳ್ಳುವ ಹಾಗೆ.

ನಾನು ಬೆಳ್ಳಿ ಅಂಗಡಿಯ ಮಾತು ಹೇಳಿದೆ. ಜೇಬಿನ ಪೊಟ್ಟಣವನ್ನೂ ತೆಗೆದು ಕೊಟ್ಟೆ. ಅವರು ಅದರಲ್ಲಿ ಒಂದು ಚಿಟಿಕೆ ತೆಗೆದು ಇದ್ದಲಿನ ಮೇಲೆ ಹಾಕಿ ತಿದಿ ಒತ್ತಿದರು. ಹಸಿರು ನೀಲಿ ಬೆಂಕಿ ಎದ್ದಿತು. ಬಿಳಿ ಹೊಗೆ, ಅರಳೆಯಂಥ ಬೂದಿ. ತುಟಿಯ ಮೇಲೆ ಅದೇ ಸಿಹಿ…

“ಏನಿದು? ಹೇಳು,” ಅಂದರು ಚಾಚಾ, ಸಾಲಿ ಮಾಸ್ತರರ ಹಾಗೆ.

“ಸತು,” ಅಂದೆ. ದಿನಾ ಕುಡಿಯುವ ಹೊಗೆ ಅದು. ಯಾರೂ ಹೇಳಿಕೊಡುವುದು ಬೇಕಿರಲಿಲ್ಲ.

“ಪಾಸ್!” ಅಂದು ನಕ್ಕರು. “ಸತು, ಅದರಾಗ ಒಂದೀಟು ತಾಮ್ರ. ಈ ಬಳ್ಳಿ ಕಾಣ್ತದಲ್ಲ, ಅದಷ್ಟ ಬೆಳ್ಳಿ. ಕೂದಲಿನಂಥ ತಂತಿ ಕೆತ್ತಿ ಕೂಡಿಸ್ಯಾರ. ಬೀದರಿನ ಕೈ ಇದು. ಕಪ್ಪು ಅಂದ್ರ ಮೈಲಿಗಿ ಅಂತ ತಿಳದಿ ನೀ. ಕಪ್ಪ ಇದರ ಜೀವ.”

“ಹಂಗಾರ ನಮ್ಮಣ್ಣ ನನಗ ಸತು ಕೊಟ್ಟು ಮನಿ ಹೊಡಕೊಂಡ,” ಅಂದೆ. ಇಡೀ ಕಥೆ ಹೊರಬಿತ್ತು. ಅಂಗಳಕ್ಕೆ ಒಗೆಯುವ ಮಾತನ್ನೂ ಹೇಳಿದೆ.

ಚಾಚಾ ಬೀಡಿ ಹಚ್ಚಿದರು. “ಇದು ಸತು ಅಂತ ನಿಮ್ಮಣ್ಣಗ ಗೊತ್ತಿತ್ತೇನು?”

“ಇಲ್ಲ. ಬೆಳ್ಳಿ ಅಂತ ಹೇಳಿದಾವನ ನಾನು.”

“ಅಂದ್ರ ಅಂವ ಬೆಳ್ಳಿ ಅಂತ ತಿಳದ ನಿನಗ ಬಿಟ್ಟಾನ. ಇಷ್ಟ ದೊಡ್ಡ ಬೆಳ್ಳಿ ಗಡ್ಡಿ, ಆ ಎರಡ ಖೋಲಿಗೆ. ಈಗ ಹೇಳು, ಒಗೀಬೇಕಾದ್ದು ಯಾರ ಅಂಗಳಕ್ಕ?”

ಅಣ್ಣ ಆ ಹೊತ್ತು ಸುಮ್ಮನೆ ಕೂತಿದ್ದ ಮುಖ ನೆನಪಾಯಿತು. ಅವನ ಸುಮ್ಮನಿರುವಿಕೆಯನ್ನು ನಾನು ಕಳ್ಳತನ ಅಂದುಕೊಂಡಿದ್ದೆ. ತಲೆ ತಗ್ಗಿಸಿ ಕುಣಿಯ ಇದ್ದಲಿ ನೋಡುತ್ತ ಕೂತೆ. ಚಾಚಾ ಮತ್ತೆ ಆ ಮಾತೆತ್ತಲಿಲ್ಲ.

ಬೆಲೆಯ ಮಾತನ್ನು ನಾನೇ ಕೇಳಿದೆ. ಅವರು ಸುಳ್ಳು ಸಮಾಧಾನ ಹೇಳುವವರಲ್ಲ. ಬೆಳ್ಳಿಯನ್ನು ತೂಗಿ ಮಾರುತ್ತಾರೆ, ಇದನ್ನು ತೂಗುವುದಿಲ್ಲ, ಕೈಕೆಲಸ ನೋಡುತ್ತಾರೆ, ಎಷ್ಟು ಹಳೆಯದು ನೋಡುತ್ತಾರೆ ಅಂದರು. ಇದು ಬಹಳ ಹಳೆಯದು, ಹೈದರಾಬಾದಿನಲ್ಲಿ ತಿಳಿದವರು ಹುಡುಕಿಕೊಂಡು ಬರುತ್ತಾರೆ ಅಂದರು. “ಆದ್ರ ನೀ ಅರ ಹಾಕಿ, ಉಜ್ಜಿ, ಅದರ ಅರ್ಧ ಮಾನ ಕಳದಿ. ಗುಜರಿ ಮಾಲಂತೂ ಅಲ್ಲ. ಗುಜರಿ ಅಂದಾವಗ ಬೆಳ್ಳಿ ಗೊತ್ತು, ಅಷ್ಟ ಗೊತ್ತು.”

ಆಮೇಲೆ ಪಾತ್ರೆಯನ್ನು ಬೆಳಕಿಗೆ ಹಿಡಿದು ಬಾಯೊಳಗೆ ಇಣುಕಿದರು. ಬೆರಳು ಹಾಕಿ ಒಳಗಿನ ಅಂಚು ಸವರಿದರು. “ಎಲ್ಲೀದು ಇದು?”

ಮಾನ್ವಿಯ ದೊಡ್ಡ ಮನೆಯದು, ಅಲ್ಲಿ ನಮ್ಮವ್ವ ಕಸ ಮುಸುರೆ ಮಾಡುತ್ತಿದ್ದಳು ಅಂದೆ. ಚಾಚಾ ಏನೋ ಹೇಳಲು ಬಾಯಿ ತೆರೆದರು. ಬೀಡಿ ಆರಿತ್ತು. ಅದನ್ನು ಮತ್ತೆ ಹಚ್ಚಿಕೊಂಡರು.

“ನಿಮ್ಮವ್ವ ಇದರಾಗ ಏನಿಡ್ತಿದ್ಳು?”

“ಹೂವು. ದಿನಾ ದೇವರ ಜಗಲಿ ಮ್ಯಾಲ.”

ಅವರು ಪಾತ್ರೆಯನ್ನು ಮೆಲ್ಲಗೆ ನೆಟ್ಟಗೆ ಇಟ್ಟರು. “ಹಾಂ… ಹೂದಾನಿ. ಹೂದಾನಿ ಇದು,” ಅಂದರು. “ನಿಮ್ಮವ್ವಗ ತಿಳೀತಿತ್ತು. ನಿನಗ ತಿಳೀಲಿಲ್ಲ.”

ಆವತ್ತು ನಾನು ಮಲ್ಲಟಕ್ಕೆ ಹೋಗಲಿಲ್ಲ. ಕಪ್ಪು ಮತ್ತೆ ಬರಿಸಿ ಕೊಡುತ್ತೇನೆ ಅಂದರು ಚಾಚಾ, ಪಾತ್ರೆಯನ್ನು ಅವರ ಹತ್ತಿರವೇ ಬಿಟ್ಟು ದೇವದುರ್ಗಕ್ಕೆ ಬಂದೆ. ಅಷ್ಟು ಸಲೀಸಾಗಿ ಯಾರನ್ನೂ ನಂಬುವವನಲ್ಲ ನಾನು. ಎರಡು ವಾರ ಬಿಟ್ಟು ಹೋದಾಗ ಅವರು ಉಜ್ಜಿದ ಜಾಗವನ್ನೆಲ್ಲ ನುಣುಪು ಮಾಡಿಟ್ಟಿದ್ದರು. ಬೀದರಿನಿಂದ ಬರುವ ಸಂಬಂಧಿಕರ ಕೈಲಿ ಒಂದು ಹಿಡಿ ಮಣ್ಣು ತರಿಸಿದ್ದರು. ಹಳೆಯ ಕೋಟೆಯ ಒಳಗಿನ ಮಣ್ಣಂತೆ, ಬಿಸಿಲು ಮಳೆ ಕಾಣದ ಜಾಗದ್ದು. ಪ್ರಾಯದಲ್ಲಿ ಕಲಾಯಿ ಮಾಡುತ್ತ ಆ ಕಡೆ ತಿರುಗುವಾಗ ಅಲ್ಲಿನ ಕುಶಲಿಗಳ ಕೆಲಸವನ್ನು ಪಕ್ಕದಲ್ಲಿ ಕೂತು ನೋಡಿದ್ದರಂತೆ. ನನ್ನೆದುರೇ ಆ ಮಣ್ಣನ್ನು ಚೂರು ನಾಲಗೆಗೆ ಹಚ್ಚಿ ರುಚಿ ನೋಡಿ, ಸರಿ ಅದ ಅನ್ನುವಂತೆ ತಲೆ ಆಡಿಸಿದರು. ಅದನ್ನು ನವಸಾಗರದ ಜೊತೆ ನೀರಿನಲ್ಲಿ ಕುದಿಸಿದರು. ಕಣ್ಣು ಉರಿಯುವಂಥ ಘಾಟು. ಪಾತ್ರೆಯನ್ನು ಬಿಸಿ ಮಾಡಿ ಅದರಲ್ಲಿ ಮುಳುಗಿಸಿ ತೆಗೆದಾಗ, ನಾನು ಬೆಳ್ಳಗೆ ಮಾಡಿದ ಜಾಗ ಕಪ್ಪಾಗಿ, ಬಳ್ಳಿ ಮಾತ್ರ ಬೆಳ್ಳಗೆ ಎದ್ದು ಬಂದಿತು. ಕಳೆದುಹೋದ ಎಲೆಗಳೆಲ್ಲ ಒಂದೊಂದಾಗಿ ಹಿಂತಿರುಗಿದ ಹಾಗೆ. ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದರು. ಹಳೆಯ ಕಪ್ಪಿನಷ್ಟು ಗಾಢ ಆಗಲಿಲ್ಲ. ಇವತ್ತಿಗೂ ಓರೆಯಾಗಿ ಹಿಡಿದರೆ ನನ್ನ ಅಂಗೈಯಗಲದ ಕಲೆ ಗೊತ್ತಾಗುತ್ತದೆ.

ತಳದ ಅರದ ಗೀರನ್ನು ಅವರು ಮುಟ್ಟಿರಲಿಲ್ಲ. ಯಾಕೆ ಅಂದೆ.

“ಇರ್ಲಿ ಬಿಡು. ಸಾಲಿ ಬಿಟ್ಟಾವನ ಸಹಿ.”

ಬೇರೆ ಯಾರಾದರೂ ಹಾಗಂದಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದೆ. ಅವರಂದಾಗ ನಗು ಬಂತು. ಕೈಗೂಲಿ ಎಷ್ಟು ಕೇಳಿದರೂ ಹೇಳಲಿಲ್ಲ. ತಿದಿಯ ಕಬ್ಬಿಣದ ಮೂತಿ ಬಿರುಕು ಬಿಟ್ಟಿತ್ತು, ಅದನ್ನು ಒಯ್ದು ಬೆಸೆದು ತಂದುಕೊಟ್ಟೆ. ಅದಕ್ಕೆ ಅವರು ಬೆರಳು ಮಡಚಿ ಟಕಟಕ ಬಡಿದು ನೋಡಿ, “ಕೈ ಅದ ನಿನಗ” ಅಂದರು. ನನ್ನ ಕೆಲಸವನ್ನು ಹೊಗಳಿದವರು ಬಹಳ ಜನ ಇದ್ದಾರೆ. ಆದರೆ ಅದೊಂದು ಮಾತನ್ನು ನಾನು ಇಟ್ಟುಕೊಂಡಿದ್ದೇನೆ.

ಆ ಪಾತ್ರೆಯನ್ನು ಮಾರಲಿಲ್ಲ. ಮಲ್ಲಟಕ್ಕೆ ಒಯ್ದು ಅಣ್ಣನಿಗೆ ಎಲ್ಲ ಹೇಳಿದೆ, ಬೆಳ್ಳಿ ಅಲ್ಲ ಅಂತಲೂ, ಅಂಗಳಕ್ಕೆ ಒಗೆಯಲು ಹೊರಟಿದ್ದೆ ಅಂತಲೂ. ಅಣ್ಣ ಹೊಟ್ಟೆ ಹಿಡಿದು ನಕ್ಕ. “ಒಗದಿದ್ರ ನಿಮ್ಮತ್ತಿಗಿ ಅದರಾಗ ಉಪ್ಪಿನಕಾಯಿ ಹಾಕ್ತಿದ್ಳು ಬಿಡು” ಅಂದ. ಮನೆಯ ಹಿತ್ತಲಿನ ಜಾಗದಲ್ಲಿ ಒಂದು ಖೋಲಿ ನೀ ಕಟ್ಟಿಕೊ ಅಂದ. ನಾನು ಕಟ್ಟಲಿಲ್ಲ. ಆದರೆ ಅವನು ಹಾಗೆ ಅಂದದ್ದು ಸಾಕಾಯಿತು. ಪಾತ್ರೆಯನ್ನು ದೇವದುರ್ಗಕ್ಕೆ ತಂದು ನಮ್ಮ ಮನೆಯ ಜಗಲಿಯ ಮೇಲಿಟ್ಟೆ.

ಅಂದಿನಿಂದ ವೆಲ್ಡಿಂಗ್ ರಾಡು ತರಲು ರಾಯಚೂರಿಗೆ ಹೋದಾಗಲೆಲ್ಲ ಚಾಚಾನ ಹತ್ತಿರ ಕೂತು ಒಂದು ಕಪ್ ಚಹಾ ಕುಡಿದು ಬರುತ್ತಿದ್ದೆ. ವರ್ಷ ವರ್ಷಕ್ಕೂ ಅವರ ಮುಂದಿನ ಪಾತ್ರೆಗಳು ಕಮ್ಮಿಯಾದವು. ಎಲ್ಲರ ಮನೆಗೂ ಸ್ಟೀಲು ಬಂದಿತ್ತು. ಮದುವೆ ಅಡುಗೆಯವರ ದೇಗುಗಳು ಮಾತ್ರ ಬರುತ್ತಿದ್ದವು, ಆಮೇಲೆ ಅವೂ… ಒಮ್ಮೆ ಅಂಗಡಿ ಕೆಲಸ ಜಾಸ್ತಿಯಾಗಿ ಏಳೆಂಟು ತಿಂಗಳು ರಾಯಚೂರಿಗೆ ಹೋಗಲಾಗಲಿಲ್ಲ. ಹೋದಾಗ ತಗಡಿನ ನೆರಳು ಇರಲಿಲ್ಲ. ಕುಣಿ ಮುಚ್ಚಿ ಮೇಲೆ ಫರಸಿ ಕಲ್ಲು ಹಾಸಿದ್ದರು, ಅಲ್ಲೊಂದು ಮೊಬೈಲ್ ಕವರಿನ ಅಂಗಡಿ. ಪಕ್ಕದವರನ್ನು ಕೇಳಿದೆ. ರಂಜಾನಿಗೆ ಮುಂಚೆಯೇ ಹೋದರು ಅಂದರು. ನಾನು ಮಣ್ಣು ಕೊಡಲೂ ಹೋಗಲಿಲ್ಲ, ಮುಖ ನೋಡಲಿಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಹೋದ ವರ್ಷ ಮಗಳ ಪರೀಕ್ಷೆಗೆಂದು ಹೈದರಾಬಾದಿಗೆ ಹೋಗಿದ್ದೆವು. ಪರೀಕ್ಷೆ ಮುಗಿದ ಮೇಲೆ ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿತ್ತು, ಹಳೆಯ ವಸ್ತುಗಳನ್ನು ಇಟ್ಟಿರುವ ಒಂದು ದೊಡ್ಡ ಮ್ಯೂಸಿಯಂ ನೋಡಲು ಹೋದೆವು. ಒಂದು ಗಾಜಿನ ಪೆಟ್ಟಿಗೆಯ ಮುಂದೆ ಮಗಳು ನಿಂತು ಕೂಗಿದಳು: “ಅಪ್ಪಾ, ನಮ್ಮನಿ ಹೂದಾನಿ ಇಲ್ಲಿ ಬಂದು ಕುಂತದ ನೋಡು!”

ಖರೆ. ಅದೇ ಹೊಟ್ಟೆ, ಅದೇ ನಡು, ಅದೇ ಅರಳಿದ ಬಾಯಿ. ಕಪ್ಪಿನ ಮೇಲೆ ಬೆಳ್ಳಿ ಬಳ್ಳಿ. ನನಗೆ ಎದೆ ಉಬ್ಬಿತು. ಏನು ಬರೆದಿದ್ದಾರೆ ಓದು ಅಂದೆ. ಮಗಳು ಇಂಗ್ಲಿಷಿನ ಫಲಕ ಓದಿಕೊಂಡಳು. ಓದಿ ನನ್ನ ಮುಖ ನೋಡಿದಳು.

“ಹೂದಾನಿ ಅಲ್ಲಪ್ಪಾ… ಉಗುಳುದಾನಿ ಅಂತ. ಎಲಿ ಅಡಿಕಿ ತಿಂದು ಉಗುಳಾಕ ಇಡ್ತಿದ್ರಂತ.”

ಬಸ್ಸಿನಲ್ಲಿ ಮೊದಲು ಬಂದದ್ದು ಸಿಟ್ಟು. ಅಷ್ಟು ವರ್ಷ ದುಡಿದವಳಿಗೆ ಉಗುಳುವ ಪಾತ್ರೆ ಕೊಟ್ಟು ಕಳಿಸಿದರೇ ಅಂತ. ಆಮೇಲೆ ನೆನಪಾಯಿತು, ಅವರು ಕೊಟ್ಟದ್ದಲ್ಲ, ಅವ್ವ ತಾನೇ ಬೇಡಿ ತಂದದ್ದು. ಆಮೇಲೆ ಚಾಚಾ ನೆನಪಾದರು. ಬಾಯೊಳಗೆ ಇಣುಕಿದ್ದು, ಅಂಚು ಸವರಿದ್ದು, ಏನೋ ಹೇಳಲು ಹೋಗಿ ಬೀಡಿ ಹಚ್ಚಿದ್ದು. ಅಂಥ ಮನೆಗಳ ಪಾತ್ರೆಗಳಿಗೆ ಜೀವಮಾನವಿಡೀ ಕಲಾಯಿ ಮಾಡಿದವರಿಗೆ ಅದು ಏನು ಅಂತ ಕೈಗೆ ತೆಗೆದುಕೊಂಡಾಗಲೇ ಗೊತ್ತಾಗಿತ್ತು. ಸತು ಅಂತ ಮುಖಕ್ಕೆ ಹೇಳಿದರು. ಅರ್ಧ ಮಾನ ಕಳೆದಿ ಅಂತ ಹೇಳಿದರು. ನನ್ನ ಸೊಕ್ಕಿಗೆ ಬಡಿಯುವ ಯಾವ ಮಾತನ್ನೂ ಮುಚ್ಚಿಡಲಿಲ್ಲ. ಅವ್ವನಿಗೆ ತಾಗುವ ಆ ಒಂದನ್ನು ಮಾತ್ರ ನುಂಗಿಕೊಂಡರು.

ತಡೆಯಲಾಗದೆ ಮುಂದಿನ ವಾರ ಮಲ್ಲಟಕ್ಕೆ ಹೋಗಿ ಅಣ್ಣನ ಮುಂದೆ ಹೇಳಿದೆ. ಅವನು ಈ ಸಲ ನಗಲಿಲ್ಲ. ಕಟ್ಟೆಯ ಮೇಲೆ ಕೂತುಕೊಂಡ.

“ನೀ ಆಗ ಭಾಳ ಸಣ್ಣಾಂವ. ಅದನ್ನ ತಂದ ದಿನ ಅವ್ವ ಬಾವಿಕಟ್ಟಿ ಮ್ಯಾಲ ಕುಂತು ಮೂರ್ ಸಲ ತೊಳದ್ಳು. ಯಾಕ ಬೇ, ತೊಳದದ್ದನ್ನ ಎಷ್ಟ ಸಲ ತೊಳೀತಿ ಅಂದೆ. ‘ದಿನಾ ತೊಳದೀನಿ. ಇದು ಕಡೀ ಸಲ. ಇನ್ನ ಇದರಾಗ ಹೂವ,’ ಅಂದ್ಳು. ನನಗೇನ ತಿಳೀಬೇಕು ಆಗ…”

ಇಷ್ಟೇ. ಅವ್ವನಿಗೆ ಎಲ್ಲ ಗೊತ್ತಿತ್ತು. ದಿನಾ ಬೇರೆಯವರ ಎಂಜಲು ತೊಳೆದ ಕೈಗೆ ಆ ಬಳ್ಳಿಯ ಒಂದೊಂದು ಎಲೆಯೂ ಗೊತ್ತಿತ್ತು. ಅಷ್ಟು ದೊಡ್ಡ ಮನೆಯಲ್ಲಿ ಏನು ಬೇಕಾದರೂ ಬೇಡಬಹುದಿತ್ತು. ಅವಳು ಅದನ್ನು ಬಿಡಿಸಿಕೊಂಡು ಬಂದಳು.

ಹೋದ ವಾರ ಆ ಗೇಟಿನ ಕೆಲಸ ಮುಗಿಸಿ ಹಾಲು ಕುಡಿದು, ಮನೆಗೆ ಬಂದು ಪಾತ್ರೆಗೆ ಎಣ್ಣೆ ಬಟ್ಟೆ ಹಿಡಿದೆ. ತಳದ ಗೀರು ಹೆಬ್ಬೆರಳಿಗೆ ತಾಗಿತು. ರಾಯಚೂರಿಗೆ ಹೋಗಿ ಆ ನೆರಳಲ್ಲಿ ಕೂತು, ಚಾಚಾ, ನಿಮ್ಮ ಸುಳ್ಳು ಸಿಕ್ಕಿತು ಅನ್ನಬೇಕಿತ್ತು. ನೀವು ಮುಚ್ಚಿಡಬೇಕಾಗಿರಲಿಲ್ಲ, ನಮ್ಮವ್ವನಿಗೆ ಅದರಲ್ಲಿ ನಾಚಿಕೆ ಇರಲಿಲ್ಲ ಅನ್ನಬೇಕಿತ್ತು. ಅವರು ಬೀಡಿ ಹಚ್ಚುತ್ತ ಏನನ್ನುತ್ತಿದ್ದರೋ…

ಮಗಳು ಹಿತ್ತಲಿನಿಂದ ಕಣಗಿಲೆ ತಂದಿದ್ದಳು. ಒಂದು ಗಳಿಗೆ ಕೈಯಲ್ಲೇ ಹಿಡಿದು ನಿಂತು, “ಇದರಾಗ ಇಡ್ಲೇನಪ್ಪಾ?” ಅಂದಳು.

“ಇಡು. ಹೂದಾನಿ ಅದು,” ಅಂದೆ.